ಜಾವಾ ಮಾಡ್ಯೂಲಿನಲ್ಲಿ ಕಾಣೆಯಾಗುವ ಕನ್ನಡ ಕಡತಗಳು

ಮಾನ್ಯ ಸಂಪಾದಕರೇ,

ಕನ್ನಡದಲ್ಲಿ ಬಿಲ್ ಮುದ್ರಿಸುವ, ಕನ್ನಡದ ಮೆನು ತೋರಿಸುವ ಜಾವಾ ತಂತ್ರಾಂಶವೊಂದು ಬರೆದವರ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಗ್ರಾಹಕರ ಕಂಪ್ಯೂಟರಿಗೆ ಹೋದ ಮೇಲೆ ಮಾತ್ರ ಇಂಗ್ಲಿಷ್ ತೋರಿಸುತ್ತದೆ, ಇಲ್ಲವೇ ತೆರೆಯುತ್ತಲೇ ನಿಂತುಹೋಗುತ್ತದೆ. ಆಗ ‘ಜಾವಾದಲ್ಲಿ ಕನ್ನಡ ಸರಿಯಾಗಿ ಬರಲ್ಲ’ ಎಂಬ ಷರಾ ಬೀಳುತ್ತದೆ, ಮುಂದಿನ ಆವೃತ್ತಿಯಲ್ಲಿ ಕನ್ನಡವನ್ನೇ ಕೈಬಿಡಲಾಗುತ್ತದೆ. ಜಾವಾಕ್ಕೆ ಕನ್ನಡದಿಂದ ಯಾವ ತೊಡಕೂ ಇಲ್ಲ. ತೊಡಕಿರುವುದು ಕಡತವನ್ನು ಎಲ್ಲಿಟ್ಟಿದ್ದೇವೆ, ಯಾವ ಮೆಥಡ್‌ನಿಂದ (ಒಂದು ಕೆಲಸ ಮಾಡುವ ಕೋಡಿನ ತುಂಡಿನಿಂದ) ಓದುತ್ತಿದ್ದೇವೆ ಎಂಬುದರಲ್ಲಿ. ಸಾಫ್ಟ್‌ವೇರ್ ಕಲಿಯುತ್ತಿರುವ ಓದುಗರು ನಿಮ್ಮ ಪತ್ರಿಕೆಗೆ ಬಹಳ ಮಂದಿ ಇರುವುದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಸುಲಭದ ತಪ್ಪು. ಪ್ರಾಜೆಕ್ಟಿನ ರಿಸೋರ್ಸಸ್ ಫೋಲ್ಡರಿನ ಪೂರ್ತಿ ವಿಳಾಸ ಕೊಟ್ಟು ಫೈಲ್‌ಇನ್‌ಪುಟ್‌ಸ್ಟ್ರೀಮ್‌ನಿಂದ ಕಡತ ತೆರೆದರೆ ಅದು ಎಕ್ಲಿಪ್ಸ್ ಅಥವಾ ಇಂಟೆಲಿಜೆಯಂಥ ಐಡಿಇಯಲ್ಲಿ (ಕೋಡ್ ಬರೆದು ಓಡಿಸುವ ತಂತ್ರಾಂಶದಲ್ಲಿ) ಓಡಿಸಿದಾಗ ಮಾತ್ರ ನಡೆಯುತ್ತದೆ. ಪ್ರೋಗ್ರಾಮನ್ನು ಜಾರ್ (ಎಲ್ಲ ಕಡತಗಳನ್ನೂ ಒಟ್ಟುಗೂಡಿಸಿದ ಒಂದೇ ಕಡತ) ಆಗಿ ಕಟ್ಟಿದ ಮೇಲೆ ಆ ಕಡತ ಜಾರ್‌ನ ಒಳಗಿರುತ್ತದೆ. ಡಿಸ್ಕಿನಲ್ಲಿ ಅದಕ್ಕೆ ಪ್ರತ್ಯೇಕ ವಿಳಾಸವಿಲ್ಲ. ಹಾಗಾಗಿ ಅದನ್ನು ಗೆಟ್‌ರಿಸೋರ್ಸ್‌ಆ್ಯಸ್‌ಸ್ಟ್ರೀಮ್ ಮೂಲಕವೇ ಓದಬೇಕು. ಕಡತದ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರಗಳ ದೊಡ್ಡದು ಚಿಕ್ಕದೂ ಸರಿಹೊಂದಬೇಕು. ವಿಂಡೋಸ್ ಈ ವ್ಯತ್ಯಾಸವನ್ನು ಕ್ಷಮಿಸುತ್ತದೆ, ಜಾರ್ ಕ್ಷಮಿಸುವುದಿಲ್ಲ.

ಗೆಟ್‌ರಿಸೋರ್ಸ್‌ಆ್ಯಸ್‌ಸ್ಟ್ರೀಮ್ ಎಂಬ ಮೆಥಡ್ ಜಾವಾದ ‘ಕ್ಲಾಸ್’ನಲ್ಲೂ ಇದೆ, ಕ್ಲಾಸ್‌ಗಳನ್ನು ಹುಡುಕಿ ತರುವ ‘ಕ್ಲಾಸ್‌ಲೋಡರ್’ನಲ್ಲೂ ಇದೆ. ಕ್ಲಾಸ್‌ನ ಮೆಥಡ್ ಆ ಕ್ಲಾಸಿನ ಪ್ಯಾಕೇಜಿನಿಂದ (ಕ್ಲಾಸ್‌ಗಳ ಫೋಲ್ಡರಿನಿಂದ) ಹುಡುಕಲು ಶುರುಮಾಡುತ್ತದೆ. ಜಾರ್‌ನ ತೀರಾ ಮೇಲಿನ ಹಂತದಿಂದ ಹುಡುಕಬೇಕೆಂದರೆ ಹೆಸರಿನ ಮುಂದೆ ಸ್ಲ್ಯಾಶ್ ಹಾಕಬೇಕು. ಕ್ಲಾಸ್‌ಲೋಡರ್ ಯಾವಾಗಲೂ ಮೇಲಿನಿಂದಲೇ ಹುಡುಕುತ್ತದೆ; ಅಲ್ಲಿ ಮುಂದೆ ಸ್ಲ್ಯಾಶ್ ಹಾಕಿದರೆ ಏನೂ ಸಿಗುವುದಿಲ್ಲ. ಸಿಗದಿದ್ದಾಗ ಎರಡೂ ದೋಷ ಎಸೆಯದೆ ಸುಮ್ಮನೆ ನಲ್ (ಏನೂ ಇಲ್ಲ ಎಂಬ ಬೆಲೆ) ಕೊಡುತ್ತವೆ. ಆ ನಲ್ ಅನ್ನು, ಹೆಸರು-ಬೆಲೆಗಳ ಪಟ್ಟಿಯ ಕಡತ ಓದುವ ಪ್ರಾಪರ್ಟೀಸ್ ಕ್ಲಾಸಿನ ಲೋಡ್ ಮೆಥಡ್‌ಗೆ ಕೊಟ್ಟಾಗ ನಲ್‌ಪಾಯಿಂಟರ್‌ಎಕ್ಸೆಪ್ಷನ್ ಬೀಳುತ್ತದೆ. ತಪ್ಪಾದದ್ದು ಒಂದು ಕಡೆ, ದೋಷ ಕಾಣುವುದು ಇನ್ನೊಂದು ಕಡೆ. ಆದ್ದರಿಂದ ಸ್ಟ್ರೀಮ್ ಕೈಗೆ ಬಂದ ತಕ್ಷಣ ನಲ್ ಇದೆಯೇ ನೋಡಿ, ಇದ್ದರೆ ಕಡತದ ಹೆಸರು ಸಮೇತ ದೋಷ ಎಸೆಯುವ ಸಾಲು ಬರೆಯಲೇಬೇಕು.

ಇಷ್ಟನ್ನು ಸರಿ ಮಾಡಿದವರೂ ಎಡವುವುದು ಮಾಡ್ಯೂಲ್‌ಗಳಲ್ಲಿ. 2017ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 9, ಪ್ಯಾಕೇಜ್‌ಗಳನ್ನು ಗುಂಪು ಮಾಡಿ ಯಾವುದು ಹೊರಗೆ ಕಾಣಬೇಕೆಂದು ಹೇಳುವ ಮಾಡ್ಯೂಲ್ ವ್ಯವಸ್ಥೆ ತಂದಿತು. ಜಾವಾ ಕೋಡ್ ಹುಡುಕುವ ಹಳೆಯ ದಾರಿಯಾದ ಕ್ಲಾಸ್‌ಪಾತ್‌ನಲ್ಲಿ ಯಾರ ಜಾರ್‌ನ ಕಡತವನ್ನು ಯಾರು ಬೇಕಾದರೂ ಓದಬಹುದಿತ್ತು. ಮಾಡ್ಯೂಲ್‌ಗಳಿಗಾಗಿ ಬಂದ ಮಾಡ್ಯೂಲ್‌ಪಾತ್‌ನಲ್ಲಿ ಹಾಗಲ್ಲ. ‘ಅಂಗಡಿ.ಪಠ್ಯ’ ಎಂಬ ಮಾಡ್ಯೂಲಿನಲ್ಲಿ ‘ಅಂಗಡಿ.ಪಠ್ಯ.ಕನ್ನಡ’ ಎಂಬ ಪ್ಯಾಕೇಜ್, ಅದರೊಳಗೆ ಸಂದೇಶಗಳ ಪ್ರಾಪರ್ಟೀಸ್ ಕಡತ ಇದೆ ಎನ್ನೋಣ. ಕಡತದ ದಾರಿಯಲ್ಲಿ ಕೊನೆಯ ಸ್ಲ್ಯಾಶ್‌ವರೆಗಿನ ಭಾಗ ಆ ಮಾಡ್ಯೂಲಿನ ಪ್ಯಾಕೇಜಿನ ಹೆಸರೇ ಆಗಿದ್ದರೆ ಕಡತವೂ ಆ ಪ್ಯಾಕೇಜಿನ ಜೊತೆ ಮುಚ್ಚಿಕೊಳ್ಳುತ್ತದೆ. ಮಾಡ್ಯೂಲನ್ನು ಘೋಷಿಸುವ ಮಾಡ್ಯೂಲ್‌ಇನ್ಫೋ ಕಡತದಲ್ಲಿ ‘ಎಕ್ಸ್‌ಪೋರ್ಟ್ಸ್’ ಬರೆದರೆ ಸಾಕೆಂದು ಹಲವರು ತಿಳಿಯುತ್ತಾರೆ, ಸಾಲದು. ಎಕ್ಸ್‌ಪೋರ್ಟ್ಸ್ ಕ್ಲಾಸ್‌ಗಳಿಗೆ, ಕಡತಕ್ಕೆ ಬೇಕಿರುವುದು ‘ಓಪನ್ಸ್’.

ಇಲ್ಲೇ ಒಂದು ವಿಚಿತ್ರವಿದೆ. ಅದೇ ಮಾಡ್ಯೂಲಿನೊಳಗಿನ ಕ್ಲಾಸ್ ತನ್ನ ಕಡತವನ್ನು ಕ್ಲಾಸ್‌ನ ಮೆಥಡ್‌ನಿಂದ ಕೇಳಿದರೆ ಯಾವ ಅನುಮತಿಯೂ ಬೇಡ, ಸಿಗುತ್ತದೆ. ಅದೇ ಕ್ಲಾಸ್ ಅದೇ ಕಡತವನ್ನು ಕ್ಲಾಸ್‌ಲೋಡರ್‌ನಿಂದ ಕೇಳಿದರೆ ಸಿಗುವುದಿಲ್ಲ. ಕೇಳುತ್ತಿರುವವರು ಯಾರೆಂದು ಕ್ಲಾಸ್‌ಲೋಡರ್ ನೋಡುವುದಿಲ್ಲ. ಪ್ಯಾಕೇಜ್ ಎಲ್ಲರಿಗೂ ಷರತ್ತಿಲ್ಲದೆ ಓಪನ್ ಆಗಿರಬೇಕು. ‘ಓಪನ್ಸ್ ಇಂಥ ಪ್ಯಾಕೇಜ್ ಟು ಇಂಥ ಮಾಡ್ಯೂಲ್’ ಎಂದು ಒಬ್ಬರಿಗೆ ಮಾತ್ರ ತೆರೆದಿದ್ದರೂ ಕ್ಲಾಸ್‌ಲೋಡರ್‌ಗೆ ಸಾಲದು. ಕ್ಲಾಸ್‌ಪಾತ್‌ನಲ್ಲಿ ವರ್ಷಗಟ್ಟಲೆ ಓಡಿದ ಪ್ರೋಗ್ರಾಂ ಮಾಡ್ಯೂಲ್‌ಇನ್ಫೋ ಸೇರಿಸಿದ ದಿನವೇ ಬೀಳುವುದು ಹೆಚ್ಚಾಗಿ ಈ ಕಾರಣಕ್ಕೆ.

ಪರಿಹಾರಗಳಲ್ಲಿ ನನಗೆ ಸರಿ ಕಾಣುವುದು ಇದು: ಕಡತ ಯಾವ ಮಾಡ್ಯೂಲಿನಲ್ಲಿದೆಯೋ ಅದೇ ಮಾಡ್ಯೂಲಿನ ಒಂದು ಕ್ಲಾಸ್ ಅದನ್ನು ಓದಿ, ಬೇಕಾದವರಿಗೆ ಪಠ್ಯವನ್ನೋ ಸ್ಟ್ರೀಮನ್ನೋ ಕೊಡಲಿ. ಆ ಕ್ಲಾಸ್ ಇರುವ ಪ್ಯಾಕೇಜನ್ನು ಮಾತ್ರ ಎಕ್ಸ್‌ಪೋರ್ಟ್ ಮಾಡಿದರಾಯಿತು, ಕಡತ ಮುಚ್ಚಿಯೇ ಇರುತ್ತದೆ. ಹೊರಗಿನ ಲೈಬ್ರರಿ ನೇರವಾಗಿ ಓದಲೇಬೇಕಿದ್ದರೆ, ಕ್ಲಾಸ್‌ಗಳೇ ಇಲ್ಲದ ಪ್ರತ್ಯೇಕ ಪ್ಯಾಕೇಜಿನಲ್ಲಿ ಕಡತಗಳನ್ನಿಟ್ಟು ಅದಕ್ಕೆ ಓಪನ್ಸ್ ಬರೆಯಿರಿ. ಓಪನ್ಸ್ ಕೊಟ್ಟ ಪ್ಯಾಕೇಜಿನ ಕ್ಲಾಸ್‌ಗಳಲ್ಲಿರುವ ಪ್ರೈವೇಟ್ ಭಾಗಗಳಿಗೂ ರಿಫ್ಲೆಕ್ಷನ್‌ನಿಂದ (ಪ್ರೋಗ್ರಾಂ ಓಡುವಾಗ ಕ್ಲಾಸಿನ ಒಳಭಾಗ ತಡಕುವ ಸೌಲಭ್ಯದಿಂದ) ಕೈಹಾಕಬಹುದಾದ್ದರಿಂದ ಈ ಎಚ್ಚರ. ಪ್ಯಾಕೇಜ್ ಖಾಲಿ ಇದೆಯೆಂದು ಕಂಪೈಲರ್ ಎಚ್ಚರಿಕೆ ಕೊಟ್ಟರೆ ಹೆದರಬೇಕಿಲ್ಲ. ಮೂರನೆಯ ದಾರಿ, ಕಡತವನ್ನು ಜಾರ್‌ನೊಳಗಿನ ಮೆಟಾ-ಇನ್ಫ್ ಫೋಲ್ಡರಿನಲ್ಲಿಡುವುದು. ಹೆಸರಿನಲ್ಲಿ ಅಡ್ಡಗೆರೆ ಇರುವುದರಿಂದ ಅದು ಪ್ಯಾಕೇಜ್ ಆಗಲಾರದು, ಹಾಗಾಗಿ ಎಂದೂ ಮುಚ್ಚಿಕೊಳ್ಳುವುದಿಲ್ಲ. ಇಡೀ ಮಾಡ್ಯೂಲನ್ನೇ ‘ಓಪನ್ ಮಾಡ್ಯೂಲ್’ ಎಂದು ಘೋಷಿಸುವುದು ಸುಲಭವೇನೋ ಹೌದು, ಆದರೆ ಒಂದು ಕಡತಕ್ಕಾಗಿ ಮನೆಯ ಎಲ್ಲ ಬಾಗಿಲನ್ನೂ ತೆಗೆದಿಟ್ಟಂತೆ.

ಫೋಲ್ಡರಿಗೆ ‘ಫಾಂಟ್ಸ್’, ‘ಇಮೇಜಸ್’ ಎಂಬಂಥ ಒಂಟಿ ಹೆಸರನ್ನೂ ಇಡಬೇಡಿ. ಮಾಡ್ಯೂಲ್‌ಇನ್ಫೋ ಇರುವ ಜಾರ್‌ನಲ್ಲಿ ಅಂಥ ಫೋಲ್ಡರನ್ನು ಜಾವಾ ಪ್ಯಾಕೇಜ್ ಎಂದೇ ಎಣಿಸುತ್ತದೆ. ಎರಡು ಮಾಡ್ಯೂಲ್‌ಗಳಲ್ಲಿ ಅದೇ ಹೆಸರಿದ್ದರೆ, ಒಂದೇ ಪ್ಯಾಕೇಜ್ ಎರಡು ಕಡೆ ಇದೆಯೆಂದು ಪ್ರೋಗ್ರಾಂ ಶುರುವಾಗುವುದೇ ಇಲ್ಲ. ಮಾಡ್ಯೂಲಿನ ಪೂರ್ತಿ ಹೆಸರನ್ನೇ ಫೋಲ್ಡರಿಗೂ ಬಳಸಿದರೆ ಈ ಕಾಟವಿಲ್ಲ.

ಕಡತ ಸಿಕ್ಕ ಮೇಲೂ ಕನ್ನಡ ಕೆಡುವ ಜಾಗ ಇನ್ನೊಂದಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ‘ಕನ್ನಡ’ ಎಂಬ ಪದ 5 ಸಂಕೇತ (ಕ, ನ, ಹಲಂತ, ನ, ಡ), 15 ಬೈಟ್. ಪ್ರಾಪರ್ಟೀಸ್‌ನ ಲೋಡ್‌ಗೆ ಇನ್‌ಪುಟ್‌ಸ್ಟ್ರೀಮ್ ಕೊಟ್ಟರೆ ಅದು ಈಗಲೂ ಪಶ್ಚಿಮ ಯುರೋಪಿನ ಭಾಷೆಗಳ ಐಎಸ್‌ಒ 8859-1 ಪದ್ಧತಿ ಎಂದೇ ಓದುತ್ತದೆ. ಒಂದು ಬೈಟಿಗೆ ಒಂದು ಅಕ್ಷರದಂತೆ 15 ಅಕ್ಷರಗಳಾಗುತ್ತವೆ. ತೆರೆಯ ಮೇಲೆ ತಲೆಗೆ ಓರೆ ಗೀಟು ಹಾಕಿದ ಲ್ಯಾಟಿನ್ ‘ಎ’ ಮತ್ತೆ ಮತ್ತೆ ಕಂಡರೆ ರೋಗ ಇದೇ. ಖಾಲಿ ಚೌಕಗಳು ಕಂಡರೆ ಮಾತ್ರ ಫಾಂಟಿನ ಕಡೆ ನೋಡಿ. ಜಾವಾ 18ರಿಂದ ಡಿಫಾಲ್ಟ್ ಎನ್‌ಕೋಡಿಂಗ್ ಯುಟಿಎಫ್-8 ಆಗಿದೆ, ಆದರೆ ಇನ್‌ಪುಟ್‌ಸ್ಟ್ರೀಮ್ ತೆಗೆದುಕೊಳ್ಳುವ ಲೋಡ್ ಬದಲಾಗಿಲ್ಲ. ಯುಟಿಎಫ್-8 ಎಂದು ಹೇಳಿದ ಇನ್‌ಪುಟ್‌ಸ್ಟ್ರೀಮ್‌ರೀಡರ್‌ನಲ್ಲಿ ಸ್ಟ್ರೀಮನ್ನು ಸುತ್ತಿ ಲೋಡ್‌ಗೆ ಕೊಡಬೇಕು.

ಭಾಷೆಗೆ ತಕ್ಕ ಪ್ರಾಪರ್ಟೀಸ್ ಕಡತವನ್ನು ಆರಿಸುವ ರಿಸೋರ್ಸ್‌ಬಂಡಲ್ ಬೇರೆ ರೀತಿ. ಜಾವಾ 9ರಿಂದ ಅದು ಯುಟಿಎಫ್-8 ಅನ್ನೇ ಓದುತ್ತದೆ. ಕನ್ನಡವನ್ನು ಸಂಖ್ಯಾ ಸಂಕೇತಗಳಾಗಿ ಬದಲಿಸುತ್ತಿದ್ದ ನೇಟಿವ್‌2ಆಸ್ಕಿ ಉಪಕರಣ ಆಗಲೇ ಜೆಡಿಕೆಯಿಂದ (ಜಾವಾ ಅಭಿವೃದ್ಧಿ ಸಲಕರಣೆಗಳ ಕಟ್ಟಿನಿಂದ) ಹೋಯಿತು. ಆದರೆ ಕನ್ನಡದ ಕಡತ ಸಿಗದಿದ್ದರೆ ಬಂಡಲ್ ಮೊದಲು ಕಂಪ್ಯೂಟರಿನ ಡಿಫಾಲ್ಟ್ ಭಾಷೆಯದನ್ನು, ಆಮೇಲೆ ಮೂಲ ಕಡತವನ್ನು ತೆಗೆದುಕೊಳ್ಳುತ್ತದೆ. ದೋಷ ಬರುವುದಿಲ್ಲ, ಇಂಗ್ಲಿಷ್ ಬರುತ್ತದೆ. ಕನ್ನಡ ಮಾಯವಾದದ್ದು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬರದಿರುವುದು ಹೀಗೆ. ಕನ್ನಡದ ಬಂಡಲ್ ಬೇರೆ ಮಾಡ್ಯೂಲಿನಲ್ಲಿದ್ದರೆ ರಿಸೋರ್ಸ್‌ಬಂಡಲ್‌ಪ್ರೊವೈಡರ್ ಮೂಲಕ ಒದಗಿಸಬೇಕು. ಬಂಡಲ್ ಹುಡುಕುವ ರೀತಿ ಬದಲಿಸಲು ಹಳೆಯ ಕೋಡ್ ಬಳಸುತ್ತಿದ್ದ ‘ಕಂಟ್ರೋಲ್’ ಎಂಬ ಕ್ಲಾಸ್, ಹೆಸರು ಪಡೆದಿರುವ ಮಾಡ್ಯೂಲ್‌ಗಳಲ್ಲಿ ನಡೆಯುವುದಿಲ್ಲ.

ಜಾರ್ ಕಟ್ಟಲು ಮೇವನ್ ಉಪಕರಣ ಬಳಸುವವರಿಗೆ ಒಂದು ಮಾತು. ರಿಸೋರ್ಸ್ ಫಿಲ್ಟರಿಂಗ್ (ಕಡತದೊಳಗಿನ ಗುರುತುಗಳ ಜಾಗದಲ್ಲಿ ಬೆಲೆ ತುಂಬುವ ಕೆಲಸ) ಆನ್ ಇದ್ದರೆ ಟಿಟಿಎಫ್ ಫಾಂಟ್ ಕಡತವನ್ನೂ ಅದು ಪಠ್ಯವೆಂದು ಓದಿ ಬರೆದು ಕೆಡಿಸುತ್ತದೆ. ಪಿಎನ್‌ಜಿ, ಜೆಪಿಜಿ ಚಿತ್ರಗಳನ್ನು ತಾನಾಗಿಯೇ ಬಿಡುತ್ತದೆ, ಫಾಂಟನ್ನು ಬಿಡುವಂತೆ ನಾವೇ ಹೇಳಬೇಕು. ಜಾರ್‌ನೊಳಗಿನ ಫಾಂಟಿನ ಗಾತ್ರ ಮೂಲಕ್ಕಿಂತ ಬೇರೆಯಾಗಿದ್ದರೆ ಇದೇ ಕಾರಣವಿರಬಹುದು.

ಗ್ರಾಹಕರಿಗೆ ಕೊಡುವ ಮುನ್ನ ಜಾರ್ ಕಮಾಂಡಿಗೆ ‘ಟಿಎಫ್’ ಕೊಟ್ಟು ಕಡತ ಒಳಗಿದೆಯೇ ನೋಡಿ. ‘ಡಿಸ್ಕ್ರೈಬ್-ಮಾಡ್ಯೂಲ್’ ಆಯ್ಕೆ ಕೊಟ್ಟರೆ ಯಾವ ಪ್ಯಾಕೇಜ್ ಓಪನ್, ಯಾವುದು ಒಳಗೇ ಮುಚ್ಚಿದೆ ಎಂಬುದು ಕಾಣುತ್ತದೆ. ಆಮೇಲೆ ಜಾರ್ ಅನ್ನು ಪ್ರಾಜೆಕ್ಟ್ ಇಲ್ಲದ ಬೇರೆ ಫೋಲ್ಡರಿಗೆ ಒಯ್ದು, ಮಾಡ್ಯೂಲ್‌ಪಾತ್‌ನಲ್ಲೇ, ಡಿಫಾಲ್ಟ್ ಭಾಷೆ ಇಂಗ್ಲಿಷ್ ಇರುವ ಕಂಪ್ಯೂಟರಿನಲ್ಲಿ ಓಡಿಸಿ.

ಎಂಜಿನಿಯರಿಂಗ್ ಮತ್ತು ಬಿಸಿಎ ತರಗತಿಗಳ ಜಾವಾ ಲ್ಯಾಬ್‌ನಲ್ಲಿ ಇದಕ್ಕೊಂದು ಅಭ್ಯಾಸ ಇರಲಿ ಎಂದು ಅಧ್ಯಾಪಕರನ್ನು ಕೇಳಿಕೊಳ್ಳುತ್ತೇನೆ: ಎರಡು ಮಾಡ್ಯೂಲ್, ಒಂದು ಕನ್ನಡ ಪ್ರಾಪರ್ಟೀಸ್ ಕಡತ, ಒಂದು ಕನ್ನಡ ಫಾಂಟ್. ಅಂಕ ಕೊಡುವುದು ಐಡಿಇಯಲ್ಲಿ ಓಡಿದ್ದನ್ನು ನೋಡಿಯಲ್ಲ, ಬೇರೆ ಕಂಪ್ಯೂಟರಿನಲ್ಲಿ ಜಾರ್ ಓಡಿ ಕನ್ನಡ ಮೂಡಿದ ಮೇಲೆ.

– ಓರ್ವ ಜಾವಾ ಡೆವಲಪರ್, ಮೈಸೂರು