ಊಟದ ಟೇಬಲ್ ಬಿಟ್ಟುಬಿಡು ಪುಟ್ಟಿ

ಹೆರೆಫರ್ಡ್, ಇಂಗ್ಲೆಂಡ್
ಫೆಬ್ರುವರಿ 8, ಭಾನುವಾರ

ಪ್ರೀತಿಯ ಪುಟ್ಟಿ,

ಏಪ್ರಿಲ್ ಕೊನೆಗೆ ನಮ್ಮ ಕಾಫಿ ಕಣದಲ್ಲಿ ನಡೆಯುವ ಮದುವೆಯ ಊಟದ ಟೇಬಲ್ಲಿಗೆ ಅಂತ ನೀನು ಕಳಿಸಿದ ಮೂವತ್ತೆರಡು ಫೋಟೋನೂ ಬಂತು. ರಾತ್ರಿ ಪಾಳಿ ಮುಗಿಸಿ ಬಂದು ಶೂ ಕೂಡ ಬಿಚ್ಚದೆ ಎಲ್ಲ ನೋಡಿದೆ. ಬಿಳಿ ಬಟ್ಟೆ ಹಾಸಿದ ಟೇಬಲ್, ಅದರ ಮೇಲೆ ಎರಡಡಿ ಎತ್ತರದ ಗಾಜಿನ ಹೂದಾನಿ, ಅದರಿಂದ ಜೋತುಬಿದ್ದ ಹೂವು, ಸುತ್ತ ಮೇಣದ ಬತ್ತಿ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಕೆಳಗೆ ನೀನು ಬರೆದ ಲೆಕ್ಕ ನೋಡಿ ನಿದ್ದೆ ಹಾರಿಹೋಯಿತು. ಒಂದು ಟೇಬಲ್ಲಿಗೆ 1,800 ರೂಪಾಯಿ, ಮೂವತ್ತು ಟೇಬಲ್ಲಿಗೆ 54,000. ಹೂವು ಸಂಜೆಗೆ ಬಾಡುತ್ತದೆ, ಹೂದಾನಿ ಅವರೇ ವಾಪಸ್ ಒಯ್ಯುತ್ತಾರೆ. ಅಪ್ಪ ಏನೂ ಅನ್ನಲಿಲ್ಲ ಅಂತ ಬರೆದಿದ್ದೀಯ. ಅಪ್ಪ ಏನೂ ಅನ್ನದಿದ್ದರೆ ಅದಕ್ಕೆ ಏನರ್ಥ ಅಂತ ನಿನಗೂ ಗೊತ್ತು, ನನಗೂ ಗೊತ್ತು.

ಇದನ್ನೆಲ್ಲ ವಾಟ್ಸ್ಯಾಪ್‌ನಲ್ಲಿ ಹೇಳಬಹುದಿತ್ತು. ಹೇಳಿದರೆ ಎರಡು ಸಾಲು ಓದಿ ಇನ್ನೊಂದು ಫೋಟೋ ಕಳಿಸುತ್ತೀಯ. ಅದಕ್ಕೇ ಕಾಗದ. ಅಮ್ಮನಿಗೂ ಓದಿ ಹೇಳು. ಹೂವಿನ ವಿಷಯ ನಾನು ಮಾತಾಡುವುದು ಕೇಳಿ ಅಮ್ಮನಿಗೆ ನಗು ಬರುತ್ತದೆ, ಬರಲಿ. ಗೌರಿ ಹಬ್ಬಕ್ಕೆ ಹೂ ಕೊಯ್ದು ತಾ ಅಂದರೆ ತೊಟ್ಟೇ ಇಲ್ಲದೆ ಬರೀ ತಲೆ ಕಿತ್ತು ತರುತ್ತಿದ್ದವನು ನಾನು. ಹೋದ ಸೆಪ್ಟೆಂಬರಿನಲ್ಲಿ ಹದಿನಾಲ್ಕು ಟೇಬಲ್ ಸಿಂಗರಿಸಿದ್ದು ಇದೇ ಕೈ.

ನನ್ನ ಆಸ್ಪತ್ರೆ ವಾರ್ಡಿನಲ್ಲೇ ಕೆಲಸ ಮಾಡುವ ಹುಡುಗಿಯ ಮದುವೆ ಅದು. ಅವಳ ಅಪ್ಪನದು ಸೇಬಿನ ತೋಟ. ಈ ಜಿಲ್ಲೆಯಲ್ಲಿ ಸೇಬು ಅಂದರೆ ತಿನ್ನುವುದಕ್ಕಿಂತ ಕುಡಿಯುವುದಕ್ಕೇ ಜಾಸ್ತಿ. ಸೈಡರ್ ಅಂತ ಮಾಡುತ್ತಾರೆ, ಹುಳಿ ಹುಳಿ ಇರುತ್ತದೆ. ಮದುವೆ ಊಟ ತೋಟದ ಪಕ್ಕದ ಹುಲ್ಲುಗಾವಲಲ್ಲಿ. ಮದುವೆ ಮಾತ್ರ ಅಲ್ಲಿ ಆಗಲಿಲ್ಲ. 2021ರ ಜುಲೈವರೆಗೆ ಇಲ್ಲಿ ಸಿವಿಲ್ ಮದುವೆ, ಅಂದರೆ ರಿಜಿಸ್ಟರ್ ಮದುವೆ, ಸೂರಿನ ಕೆಳಗೇ ಆಗಬೇಕಿತ್ತಂತೆ. ಈಗ ಬಯಲಲ್ಲೂ ಆಗಬಹುದು, ಆದರೆ ಪರವಾನಗಿ ಇರುವ ಜಾಗದ ಆವರಣದಲ್ಲಿ ಮಾತ್ರ. ಇವರ ಹುಲ್ಲುಗಾವಲಿಗೆ ಪರವಾನಗಿ ಎಲ್ಲಿಂದ ಬರಬೇಕು? ಗುರುವಾರ ಆಫೀಸಿನಲ್ಲಿ ಸಹಿ ಹಾಕಿದರು, ಶನಿವಾರ ತೋಟದಲ್ಲಿ ಊಟ ಹಾಕಿದರು.

ಟೇಬಲ್ ಎಲ್ಲ ಊರಿನ ಸಮುದಾಯ ಭವನದ್ದು. ಆರಡಿ ಉದ್ದ, ಎರಡೂವರೆ ಅಡಿ ಅಗಲ, ಕಾಲು ಮಡಚುವಂಥದು. ಹೂದಾನಿಗೆ ಜಾಮ್ ಬಾಟಲಿ. ಒಂದು ವರ್ಷದಿಂದ ಅಕ್ಕಪಕ್ಕದ ಮನೆಯವರೆಲ್ಲ ಬಾಟಲಿ ತೊಳೆದು ಕೂಡಿಟ್ಟಿದ್ದರು. ಮೇಲಿನ ಚಪ್ಪರಕ್ಕೆ ಹಾಪ್ಸ್ ಬಳ್ಳಿ. ಬಿಯರಿಗೆ ಕಹಿ ಕೊಡುವ ಬಳ್ಳಿ ಇದು, ಈ ಕಡೆ ತುಂಬಾ ಬೆಳೆಯುತ್ತಾರೆ. ನಮ್ಮ ಮೆಣಸು ಸಿಲ್ವರ್ ಓಕ್ ಮರಕ್ಕೆ ಹತ್ತಿದ ಹಾಗೆ ಇದು ಕಂಬದಿಂದ ಇಳಿಬಿಟ್ಟ ದಾರಕ್ಕೆ ಹತ್ತುತ್ತದೆ. ಸೆಪ್ಟೆಂಬರಿನಲ್ಲಿ ಬುಡಕ್ಕೆ ಕತ್ತರಿಸುತ್ತಾರೆ, ಮುಂದಿನ ವರ್ಷ ಮತ್ತೆ ಬರುತ್ತದೆ. ಆ ಬಳ್ಳಿಯನ್ನು ಉದ್ದಕ್ಕೆ ತೊಲೆಗೆ ಕಟ್ಟಿದರೆ ಮುಗಿಯಿತು, ಬೇರೆ ಅಲಂಕಾರವೇ ಬೇಡ. ನೋಡುತ್ತಾ ನಿಂತಾಗ ನನಗೆ ನಮ್ಮ ಕೆಳಗಿನ ತೋಟವೇ ಕಣ್ಣಿಗೆ ಕಟ್ಟಿತು.

ಈಗ ನನ್ನ ಎಡವಟ್ಟು ಕೇಳು. ಆ ಹದಿನಾಲ್ಕರಲ್ಲಿ ನಾಲ್ಕು ಟೇಬಲ್ ಪೂರ್ತಿ ನನಗೇ ಬಿಟ್ಟಿದ್ದರು. ಚೆಂದ ಕಾಣಲಿ ಅಂತ ಉದ್ದ ಕುತ್ತಿಗೆಯ ಬಾಟಲಿ ಆರಿಸಿ, ಉದ್ದ ಕಾಂಡದ ಹೂವು ಸಿಗಿಸಿದೆ. ಥೇಟ್ ನಿನ್ನ ಫೋಟೋದ ಹಾಗೆ. ಹನ್ನೊಂದು ಗಂಟೆಗೆ ಒಂದು ಗಾಳಿ ಬೀಸಿತು ನೋಡು, ಮೂರು ಬಾಟಲಿ ಒಟ್ಟಿಗೆ ಉರುಳಿತು. ಯಾರು ಎಲ್ಲಿ ಕೂರಬೇಕು ಅಂತ ಮದುಮಗಳ ಅಜ್ಜಿ ಕೈಯಲ್ಲಿ ಬರೆದಿದ್ದ ಹೆಸರಿನ ಚೀಟಿಗಳೆಲ್ಲ ನೀರಲ್ಲಿ ನೆನೆದು ಶಾಯಿ ಹರಡಿತು. ಅಜ್ಜಿ ಏನೂ ಅನ್ನಲಿಲ್ಲ. ಒಂದು ಬಕೆಟ್ ಬೆಣಚುಕಲ್ಲು ತಂದು ನನ್ನ ಮುಂದಿಟ್ಟು ಹೋದರು. ಬಾಟಲಿಯ ತಳಕ್ಕೆ ಒಂದೊಂದು ಹಿಡಿ ಕಲ್ಲು, ಮೇಲೆ ನೀರು, ಹೂವು ಗಿಡ್ಡ. ಟೇಬಲ್ ಮೇಲೆ ಮೊಣಕೈ ಊರಿ ಕೂತರೆ ಹೂವು ಗಲ್ಲಕ್ಕಿಂತ ಕೆಳಗಿರಬೇಕು. ಎದುರಿಗೆ ಕೂತವರ ಮುಖ ಕಾಣಬೇಕಲ್ವಾ? ಇನ್ನು ಸರಿಯಾಗಿ ತೊಳೆಯದ ಜಾಮ್ ಬಾಟಲಿಗೆ ಕಣಜ ಮುತ್ತಿದ್ದು ಬೇರೆ ಕಥೆ. ಅದು ನನ್ನ ತಪ್ಪಲ್ಲ.

ಇಷ್ಟಾದ ಮೇಲೆ ಎಲ್ಲರೂ ಎರಡು ಗಂಟೆಗೆ ಊಟಕ್ಕೆ ಕೂತರು. ಎದ್ದದ್ದು ಆರಕ್ಕೆ! ಒಂದು ತಿಂಡಿ, ಒಂದು ಭಾಷಣ, ಊಟ, ಮತ್ತೆ ಭಾಷಣ, ಸಿಹಿ, ಇನ್ನೊಂದು ಭಾಷಣ. ನಾಲ್ಕು ಗಂಟೆ ಅದೇ ಟೇಬಲ್ಲಿನ ಮುಂದೆ. ನಾನು ಆ ಬಾಟಲಿಯಲ್ಲಿದ್ದ ಎಸಳುಗಳನ್ನು ಎಣಿಸಿಬಿಟ್ಟೆ. ಹಾಗೆ ಕೂರುವವರ ಮುಂದೆ ಹೂವಿಡುವುದಕ್ಕೆ ಅರ್ಥ ಇದೆ.

ನಮ್ಮಲ್ಲಿ? ಒಂದು ಪಂಕ್ತಿ ಇಪ್ಪತ್ತೈದು ನಿಮಿಷ. ಅದರಲ್ಲಿ ಕೊನೆಯ ಹತ್ತು ನಿಮಿಷ ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ನಿಂತಿರುತ್ತಾರೆ. ಎಲೆ ಹಾಕಿದ ಮೇಲೆ ಆ ಟೇಬಲ್ಲಿನಲ್ಲಿ ಜಾಗ ಎಲ್ಲಿದೆ ಹೇಳು. ಬಡಿಸುವವರು ಎದುರಿನಿಂದ ಬರುತ್ತಾರೆ. ಸಾರಿನ ಬಕೆಟ್ ಹಿಡಿದು ಬಗ್ಗುವಾಗ ನಿನ್ನ ಎರಡಡಿ ಹೂದಾನಿ ಸೀದಾ ಪಾಯಸಕ್ಕೆ. ಅದಕ್ಕೇ ಹೇಳುತ್ತೇನೆ, ಊಟದ ಟೇಬಲ್ಲಿಗೆ ಒಂದು ರೂಪಾಯಿಯೂ ಹಾಕಬೇಡ. ಎಂದಿನ ಹಾಗೆ ಪೇಪರ್ ರೋಲ್ ಹಾಸು, ಎಲೆ ಹಾಕು, ಸಾಕು. ಪ್ಲಾಸ್ಟಿಕ್ ಹಾಳೆ ತರುತ್ತೇನೆ ಅಂತ ಚಿಕ್ಕಪ್ಪ ಹೊರಟರೆ ತಡಿ. ಊಟದ ಟೇಬಲ್ಲಿಗೆ ಹಾಸುವ ಪ್ಲಾಸ್ಟಿಕ್ಕನ್ನೂ ಸೇರಿಸಿಯೇ ನಮ್ಮ ರಾಜ್ಯದಲ್ಲಿ 2016ರಲ್ಲಿ ನಿಷೇಧ ಮಾಡಿದ್ದು.

ಹಾಗಾದರೆ ಜನ ನಿಲ್ಲುವುದು ಎಲ್ಲಿ? ನೆನಪು ಮಾಡಿಕೋ. ಕಾಫಿ ಕೊಡುವ ಕಡೆ. ಮುಯ್ಯಿ ಬರೆಯುವ ಕಡೆ. ಎಲೆಅಡಿಕೆ ತಟ್ಟೆ ಇಟ್ಟ ಕಡೆ. ಹಲಸಿನ ಮರದ ಕೆಳಗೆ ಅಜ್ಜಿಯಂದಿರು ಕೂತು ಇಡೀ ಮದುವೆಯನ್ನು ವಿಮರ್ಶೆ ಮಾಡುವ ಕಡೆ. ಮೂರು ದೊಡ್ಡ ಟೇಬಲ್, ಮರದ ಕೆಳಗೆ ನಾಲ್ಕೋ ಐದೋ ಸಣ್ಣವು. ಎಂಟು ಟೇಬಲ್ ಚೆನ್ನಾಗಿ ಮಾಡಿದರೆ ಇಡೀ ಕಣ ತುಂಬಿದ ಹಾಗೆ ಕಾಣುತ್ತದೆ. ಫೋಟೋ ತೆಗೆಯುವುದೂ ಅಲ್ಲೇ ಅಲ್ವಾ? ಬಾಯಿ ತುಂಬ ಅನ್ನ ಇಟ್ಟುಕೊಂಡವರ ಫೋಟೋ ಯಾರಿಗೆ ಬೇಕು.

ಹಾಸುವುದಕ್ಕೆ ಗೋಣಿಚೀಲ. ನಗಬೇಡ. ಇಲ್ಲಿಯವರು ಅದನ್ನು ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟು ತರುತ್ತಾರೆ. ನಮ್ಮ ಗೋಡೌನಿನಲ್ಲಿ ಕಾಫಿ ತುಂಬಿದ ಹಳೇ ಚೀಲ ರಾಶಿ ಬಿದ್ದಿದೆ. ಗೊಬ್ಬರದ ಚೀಲ ಬೇಡ, ಅದು ಪ್ಲಾಸ್ಟಿಕ್. ಸೆಣಬಿನದೇ ಆಗಬೇಕು, ಹರಿಯದ್ದು, ಮೂಸಿದರೆ ಎಣ್ಣೆ ವಾಸನೆ ಬರದ್ದು. ಒಗೆಯಬೇಡ, ಒಗೆದರೆ ಮುದುರಿ ಆಕಾರ ಕೆಡುತ್ತದೆ. ಎರಡು ದಿನ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿ.

ಕತ್ತರಿಸುವುದು ಮಾತ್ರ ಎಚ್ಚರ. ಸುಮ್ನೆ ಕತ್ತರಿ ಓಡಿಸಿದರೆ ಹಾವು ಹೋದ ದಾರಿಯ ಹಾಗೆ ಆಗುತ್ತದೆ. ಆ ಮದುಮಗಳ ಅಜ್ಜಿ ನನಗೆ ಕಲಿಸಿದ್ದು ಹೀಗೆ. ಒಂದಡಿ ಅಗಲ ಅಳೆದು ಅಂಚಿನಲ್ಲಿ ಅರ್ಧ ಇಂಚು ಸೀಳು. ಅಲ್ಲಿ ಸಿಗುವ ಒಂದೇ ಒಂದು ಎಳೆಯನ್ನು ಸೂಜಿ ಮೊನೆಯಿಂದ ಎತ್ತಿ ಹಿಡಿದು ಮೆಲ್ಲಗೆ ಎಳೆ. ಚೀಲ ನೆರಿಗೆ ನೆರಿಗೆಯಾಗುತ್ತದೆ, ಗಾಬರಿಯಾಗಬೇಡ, ಇನ್ನೊಂದು ಕೈಯಿಂದ ನೆರಿಗೆ ಸರಿಸುತ್ತಾ ಹೋಗು. ಎಳೆ ಪೂರ್ತಿ ಹೊರಗೆ ಬಂದ ಮೇಲೆ ಬೈತಲೆ ತೆಗೆದ ಹಾಗೆ ಒಂದು ನೇರ ಗೆರೆ ಕಾಣುತ್ತದೆ. ಆ ಗೆರೆಯ ಮೇಲೇ ಕತ್ತರಿ ನಡೆಸು. ಆಮೇಲೆ ಎರಡೂ ಬದಿ ನಾಲ್ಕೈದು ಎಳೆ ಬಿಚ್ಚಿಬಿಟ್ಟರೆ ಕುಚ್ಚು ತಾನಾಗಿ ಬರುತ್ತದೆ. ಕೆಳಗೆ ಅಮ್ಮನ ಬಿಳಿ ಪಂಚೆ, ನಡುವೆ ಉದ್ದಕ್ಕೆ ಈ ಗೋಣಿಪಟ್ಟಿ. ಒಂದು ಟೇಬಲ್ಲಿಗೆ ಎರಡು ತುಂಡು ಜೋಡಿಸಬೇಕಾಗುತ್ತದೆ, ಸೇರಿದ ಜಾಗದ ಮೇಲೆ ಸೊಪ್ಪು ಇಟ್ಟರೆ ಗೊತ್ತಾಗುವುದಿಲ್ಲ. ಅಮ್ಮನ ಪಂಚೆ ಅಂದೆನಾ? ಅಪ್ಪನ ಪಂಚೆ. ಅಮ್ಮ ಕೇಳುವಾಗ ನಗಲಿ ಅಂತ ಹಾಗೇ ಬಿಟ್ಟಿದ್ದೇನೆ.

ಬಾಟಲಿಗೆ ಊರೆಲ್ಲ ಇದೆ. ಜೇನಿನ ಬಾಟಲಿ, ಉಪ್ಪಿನಕಾಯಿ ಬಾಟಲಿ, ದೊಡ್ಡಮ್ಮ ವೈನ್ ಮಾಡಿ ತುಂಬಿಸುವ ಬಾಟಲಿ. ಜೇನಿನದನ್ನು ಬಿಸಿನೀರಲ್ಲಿ ಎರಡು ಸಲ ತೊಳೆ, ಇಲ್ಲದಿದ್ದರೆ ಇರುವೆ, ಜೇನು ಎಲ್ಲ ಮದುವೆಗೆ ಬರುತ್ತವೆ. ಲೇಬಲ್ ಗೋಂದು ಹೋಗದಿದ್ದರೆ ತೆಂಗಿನೆಣ್ಣೆ ಹಚ್ಚಿ ಉಜ್ಜು. ಬಾಟಲಿ ಸಾಲದಿದ್ದರೆ ಕೆರೆ ಪಕ್ಕದ ಬಿದಿರು. ಗಂಟಿನ ಸ್ವಲ್ಪ ಕೆಳಗೆ ಗರಗಸ ಹಾಕಿದರೆ ಗಂಟೇ ತಳವಾಗಿ ನೀರು ನಿಲ್ಲುತ್ತದೆ. ಮೇಲಿನ ಗಂಟಿನ ಕೆಳಗೆ ಇನ್ನೊಂದು ಸಲ ಕೊಯ್ದರೆ ಹೂದಾನಿ ಆಯಿತು. ಕೈಗೆ ಚುಚ್ಚುತ್ತದೆ, ಹಳೇ ಬಟ್ಟೆಯಿಂದ ಒರೆಸಿ ಹಿಡಿ. ಹಿಂದಿನ ದಿನ ಕಡಿದರೆ ಹಸಿರು ಹಾಗೇ ಇರುತ್ತದೆ.

ಸೊಪ್ಪೇ ಮುಖ್ಯ ಕಣೇ, ಹೂವಲ್ಲ. ಇದು ಇಲ್ಲಿ ಕಲಿತದ್ದು. ಮುಕ್ಕಾಲು ಪಾಲು ಸೊಪ್ಪು, ಕಾಲು ಪಾಲು ಹೂವು. ಸಿಲ್ವರ್ ಎಲೆಯನ್ನು ಮಗುಚಿ ಇಟ್ಟರೆ ಬೆಳ್ಳಿ ಬಣ್ಣ. ಕಾಫಿಯ ಕಾಂಡದಿಂದ ನೆಟ್ಟಗೆ ಏಳುವ ಕಂಬಚಿಗುರು ಹೇಗಿದ್ದರೂ ತೆಗೆದು ಬಿಸಾಡುವುದೇ, ಅದರ ಎಲೆಯ ಹೊಳಪು ನೋಡು ಒಂದು ಸಲ. ಜರೀಗಿಡ ಎಷ್ಟು ಬೇಕಾದರೂ ಇದೆ, ಕಿತ್ತ ಮೇಲೆ ಒಂದು ಗಂಟೆ ಪೂರ್ತಿ ನೀರಲ್ಲಿ ಮುಳುಗಿಸಿಡು, ಬೇಗ ಮುದುರುವುದಿಲ್ಲ. ಮೆಣಸಿನ ಬಳ್ಳಿ ಬೇಕೆನಿಸಿದರೆ ನೆಲದಲ್ಲಿ ಹಬ್ಬಿದ್ದನ್ನು ಮಾತ್ರ ಅಪ್ಪನನ್ನು ಕೇಳಿ ಕತ್ತರಿಸು. ಮರ ಹತ್ತಿದ್ದನ್ನು ಮುಟ್ಟಿದರೆ ಮದುವೆ ನಿಂತುಹೋಗುತ್ತದೆ. ಅದು ಹಾಪ್ಸ್ ಅಲ್ಲ, ವರ್ಷಕ್ಕೊಂದು ಸಲ ಬುಡ ಕತ್ತರಿಸುವುದಕ್ಕೆ.

ಹೂವಿಗೆ ದೊಡ್ಡಮ್ಮನ ಆಂಥೂರಿಯಂ. ನೀರಲ್ಲಿಟ್ಟರೆ ವಾರಕ್ಕಿಂತ ಜಾಸ್ತಿ ಬರುತ್ತದೆ. ಬಿಸಿಲು ತಾಗದ ಕಾಫಿ ಟೇಬಲ್ಲಿಗೆ ಅದೇ ಸರಿ. ಕತ್ತರಿಸಲು ದೊಡ್ಡಮ್ಮ ಒಪ್ಪಬೇಕಲ್ಲ! ಈಗಲೇ ಹೋಗಿ ಕೇಳಬೇಡ. ಮೊದಲು ಹೋಗಿ ಗಿಡ ಹೊಗಳಿ ಬಾ. ಎರಡನೇ ಸಲ ಹೋದಾಗ ಮದುವೆ ಟೇಬಲ್ ಬರಿದಾಗಿದೆ ಅನ್ನು. ಮೂರನೇ ಸಲ ಅವರೇ ಕೊಡುತ್ತಾರೆ. ದಾಸವಾಳ ಬೇಡ, ಒಂದೇ ದಿನದ್ದು. ಕಾಗದದ ಹೂವು ಗಿಡದಲ್ಲಿ ಚೆಂದ, ಕಿತ್ತರೆ ಬೇಗ ಬಾಡುತ್ತದೆ. ಉಳಿದದ್ದಕ್ಕೆ ಸೋಮವಾರಪೇಟೆ ಸಂತೆಯಿಂದ ಸೇವಂತಿಗೆ ತಂದರೆ ಆಯಿತು. ಹಿಂದಿನ ಸಂಜೆ ತೊಟ್ಟನ್ನು ಓರೆಯಾಗಿ ಕತ್ತರಿಸಿ, ನೀರಿಗೆ ತಾಗುವ ಎಲೆ ತೆಗೆದು, ಬಕೆಟ್‌ನಲ್ಲಿ ಗೋಡೌನಿನ ಒಳಗಿಡು. ಮನೆಯಲ್ಲಿ ಅಷ್ಟು ತಂಪು ಜಾಗ ಬೇರೆ ಇಲ್ಲ. ಮೇಣದ ಬತ್ತಿ ಮರೆತುಬಿಡು. ಮಧ್ಯಾಹ್ನ ಹನ್ನೆರಡಕ್ಕೆ ಯಾರಿಗೆ ಬೆಳಕು?

ಇನ್ನೊಂದು. ಕಣ ನೋಡುವುದಕ್ಕೆ ಮಟ್ಟ, ಆದರೆ ನೀರು ಹರಿಯಲಿ ಅಂತ ಒಂದು ಕಡೆಗೆ ವಾಟ ಕೊಟ್ಟಿರುತ್ತಾರೆ. ಟೇಬಲ್ ಇಟ್ಟ ಕೂಡಲೇ ಒಂದು ಲೋಟದಲ್ಲಿ ಮುಕ್ಕಾಲು ನೀರು ಹಾಕಿ ಇಟ್ಟು ನೋಡು. ನೀರು ಓರೆ ಕಂಡರೆ ತಗ್ಗಿನ ಕಡೆಯ ಕಾಲಿಗೆ ಹೆಂಚಿನ ಚೂರು ಕೊಡಿಸು. ಕಾಫಿ ಟೇಬಲ್ಲಿಗಂತೂ ಇದು ಬೇಕೇ ಬೇಕು, ಬಿಸಿ ಪಾತ್ರೆ ಇರುವ ಜಾಗ.

ಆ ಟೇಬಲ್ಲನ್ನು ನನಗೆ ಬಿಡು ಅನ್ನಬೇಕೆಂದಿದ್ದೆ. ಅಮ್ಮನ ಬೆಲ್ಲದ ಕಾಫಿ, ಹಿತ್ತಾಳೆ ಪಾತ್ರೆಯಲ್ಲಿ. ಪಕ್ಕದಲ್ಲಿ ಒಂದು ಮೊರದ ತುಂಬ ಈ ಸಲದ ಕಾಫಿ ಬೀಜ, ಇನ್ನೊಂದರಲ್ಲಿ ಬೆಲ್ಲದ ಅಚ್ಚು. ಹಿಂದೆ ಗೋಣಿಚೀಲ, ಸೊಪ್ಪು, ಎರಡೇ ಎರಡು ಕೆಂಪು ಆಂಥೂರಿಯಂ. ಗಂಡಿನ ಕಡೆಯವರು ಮೊದಲು ಬಂದು ನಿಲ್ಲುವುದು ಅಲ್ಲೇ.

ಮಳೆ. ಏಪ್ರಿಲ್ ಕೊನೆ ಅಂದರೆ ಅಶ್ವಿನಿ ಮುಗಿದು ಭರಣಿ ಹಿಡಿಯುವ ಹೊತ್ತು. ಮೂರು ಗಂಟೆಯ ಮೇಲೆ ಪುಷ್ಪಗಿರಿ ಕಡೆ ಕಪ್ಪಾದರೆ ನಂಬಬೇಡ, ಆಲಿಕಲ್ಲೂ ಬರಬಹುದು. ಕೊನೆ ಪಂಕ್ತಿ ಎರಡೂವರೆಗೆ ಏಳುವ ಹಾಗೆ ಅಡುಗೆಯವರಿಗೆ ಹೇಳು. ಕಾಫಿ ಮುಚ್ಚುವ ಟಾರ್ಪಾಲನ್ನೇ ಚಪ್ಪರಕ್ಕೆ ಹಾಕೋಣ ಅಂತ ಅಪ್ಪ ಅನ್ನುತ್ತಾರೆ. ನೀಲಿಯದು ಬೇಡ, ಎಲ್ಲರ ಮುಖವೂ ನೀಲಿಯಾಗುತ್ತದೆ. ಬದಿಗೆ ಸುತ್ತಿಟ್ಟಿರಲಿ, ಮಳೆ ಬಂದರೆ ಎಳೆಯಲಿಕ್ಕೆ.

ಹೂಮಳೆ ಬಂತಾ? ಬಂದರೆ ಕಾಫಿ ಹೂ ಬಿಟ್ಟ ದಿನ ಫೋನ್ ಮಾಡು, ಸುಮ್ನೆ ತೋಟದಲ್ಲಿ ನಿಂತು ಮಾತಾಡು.

ಏಪ್ರಿಲ್ 19ಕ್ಕೆ ಬರುತ್ತೇನೆ, ರಜೆ ಒಪ್ಪಿದ್ದಾರೆ. ಅಷ್ಟರಲ್ಲಿ ಬಾಟಲಿ ಎಷ್ಟಾಯಿತು ಎಣಿಸಿ ಬರೆ. ನಲವತ್ತು ಇದ್ದರೆ ಸಾಕು. ಬೆಣಚುಕಲ್ಲು ಹೊಳೆಯಿಂದ ತರಬೇಡ, ಕಣದ ಹಿಂದೆ ಜಲ್ಲಿ ಬಿದ್ದಿದೆಯಲ್ಲ, ಅದನ್ನೇ ತೊಳೆದಿಡು. ಅಜ್ಜಿಗೆ ನಮಸ್ಕಾರ ಹೇಳು. ಚೀಲ ಬಡಿದು ಒಣಗಿಸಿಡು, ಆದರೆ ನಾನು ಬರುವವರೆಗೆ ಕತ್ತರಿ ಮಾತ್ರ ಹಾಕಬೇಡ.

ನಿನ್ನ
ಅಣ್ಣ