ಬೀಜ ಉದುರುವವರೆಗೆ ಯಂತ್ರ ತಡೆಯಿರಿ

ರಸ್ತೆ ನಿರ್ವಹಣೆಯ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ಏಳು ವರ್ಷಗಳಿಂದ ನಿಮ್ಮ ಕಚೇರಿಗೆ ಒಂದೇ ಅರ್ಜಿ ಕೊಡುತ್ತಿದ್ದೇನೆ. ರಸ್ತೆ ಬದಿಯ ಹುಲ್ಲನ್ನು ಕತ್ತರಿಸಿ, ಆದರೆ ಬೀಜ ಉದುರಿದ ಮೇಲೆ ಕತ್ತರಿಸಿ. ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿಗಳು ಏಳೂ ನನ್ನ ಬಳಿ ಇವೆ. ಉತ್ತರ ಒಂದೂ ಇಲ್ಲ.

ತಿರುವಿನಾಚೆಯ ಇಳಿಜಾರಿನಲ್ಲಿ ನೆಲದ ಆರ್ಕಿಡ್‌ಗಳಿವೆ. ಮೊದಲ ವರ್ಷ ಹೂಬಿಟ್ಟ ಗಿಡಗಳನ್ನು ನಲವತ್ತರವರೆಗೆ ಎಣಿಸಿದ್ದೆ. ಈ ವರ್ಷ ಹನ್ನೊಂದು. ಸುತ್ತ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದೆ. ಯಂತ್ರ ಬರುವ ದಿನ ಯಾವುದೆಂದು ತಿಳಿಯಲು ಮೂರು ಸಲ ನಿಮ್ಮಲ್ಲಿಗೆ ಬಂದೆ. ಗುತ್ತಿಗೆದಾರರನ್ನು ಕೇಳಿ ಎಂದರು. ಅವರು ಕಚೇರಿಯನ್ನು ಕೇಳಿ ಎಂದರು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಗಿಡಗಳ ಜೊತೆ ಕೋಲುಗಳೂ ತುಂಡಾಗಿ ಬಿದ್ದಿದ್ದವು. ಹುಲ್ಲಿನ ರಾಶಿಯಲ್ಲಿ ಮಂಡಿಯೂರಿ, ಇನ್ನೂ ಹಸಿರಾಗಿದ್ದ ಬೀಜಕೋಶಗಳನ್ನು ಹೆಕ್ಕಿದೆ. ಬಲಿಯದ ಬೀಜವನ್ನು ಮಣ್ಣಿಗೆ ಹಾಕಿ ಫಲವಿಲ್ಲವೆಂದು ಗೊತ್ತಿತ್ತು, ಆದರೂ ಕೈ ಕೇಳಲಿಲ್ಲ.

ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರದ ದಾಸ್ತಾನಿಲ್ಲ. ಮಣ್ಣಿನಲ್ಲಿ ತಕ್ಕ ಶಿಲೀಂಧ್ರ ಸಿಕ್ಕರೆ ಮಾತ್ರ ಮೊಳೆಯುತ್ತದೆ. ಹೂಬಿಡಲು ಹಲವು ವರ್ಷ ಬೇಕು. ಹಸಿರೆಲೆಯನ್ನೇ ಸವರಿಬಿಟ್ಟರೆ ಮುಂದಿನ ವರ್ಷದ ಗೆಡ್ಡೆ ತುಂಬುವುದಿಲ್ಲ. ಒಂದೇ ವರ್ಷ ಬದುಕುವ ಗಿಡಗಳ ಪಾಡು ಇನ್ನೂ ಕಷ್ಟ: ಬೀಜಕ್ಕೆ ಮೊದಲೇ ಕತ್ತರಿಸುತ್ತಾ ಹೋದರೆ ಮಣ್ಣಿನಲ್ಲಿ ಉಳಿದ ಹಳೆಯ ಬೀಜವೂ ಒಂದು ದಿನ ಮುಗಿಯುತ್ತದೆ.

ಕತ್ತರಿಸಿದ ಹುಲ್ಲನ್ನು ಅಲ್ಲಿಯೇ ಬಿಡುತ್ತೀರಿ. ಅದು ಕೊಳೆತು ಗೊಬ್ಬರವಾಗುತ್ತದೆ, ಒರಟು ಹುಲ್ಲು ಕೊಬ್ಬುತ್ತದೆ, ಬಡ ಮಣ್ಣಿಗೆ ಒಗ್ಗಿದ ಅಪರೂಪದ ಗಿಡಗಳು ಅದರಡಿ ಉಸಿರುಗಟ್ಟುತ್ತವೆ. ದಯವಿಟ್ಟು ಅದನ್ನು ಒಯ್ಯಿರಿ.

ಕತ್ತರಿಸಲೇಬೇಡಿ ಎಂದು ನಾನು ಎಂದೂ ಕೇಳಿಲ್ಲ. ಬಿಟ್ಟುಬಿಟ್ಟರೆ ಪೊದೆ ಬೆಳೆದು ಇವನ್ನೇ ಮುಚ್ಚುತ್ತದೆ. ತಿರುವಿನಲ್ಲಿ ಚಾಲಕರಿಗೆ ದಾರಿ ಕಾಣಬೇಕು. ಅಲ್ಲಿ ಅಂಚಿನ ಪಟ್ಟಿಯನ್ನು ಬೇಕಾದಾಗಲೆಲ್ಲ ಕತ್ತರಿಸಿ. ನನ್ನ ಆರ್ಕಿಡ್‌ಗಳಿದ್ದದ್ದು ಅದರಿಂದ ಎಂಟು ಹೆಜ್ಜೆ ದೂರದಲ್ಲಿ. ಅಲ್ಲಿ ಯಾರ ಕಣ್ಣಿಗೆ ಅಡ್ಡವಾಗಿದ್ದವು?

ಎಷ್ಟು ಅಗಲ, ಎಷ್ಟು ಎತ್ತರ, ಯಾವಾಗ ಎಂಬ ನಿಯಮಗಳು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ದಿನಾಂಕ ಬದಲಿಸುವುದು ನಿಮ್ಮ ಕೈಯಲ್ಲಿದೆ. ಮುಂದಿನ ಗುತ್ತಿಗೆ ಪತ್ರದಲ್ಲಿ ಒಂದು ಸಾಲು ಸೇರಿಸಿ: ಬೀಜ ಉದುರಿದ ಮೇಲೆ ಕತ್ತರಿಸಬೇಕು, ಹುಲ್ಲನ್ನು ಒಯ್ಯಬೇಕು. ಕೆಲವು ಗೆಡ್ಡೆಗಳಾದರೂ ಮಣ್ಣಿನೊಳಗೆ ಜೀವ ಹಿಡಿದಿರಬಹುದು. ಅವು ಚಿಗುರುವ ಮೊದಲು ನನಗೆ ಉತ್ತರ ಬೇಕು.

ಇಂತಿ,
ಏಳು ಅರ್ಜಿ ಕೊಟ್ಟ ನಾಗರಿಕ