ಹೆಗೆಲ್‌ಗೆ ಮೊದಲು ಕಾಂಟ್ ಓದೋಣ

ಎಲ್ಲರಿಗೂ ನಮಸ್ಕಾರ. ಎಂಎ, ಪಿಎಚ್‌ಡಿಗೆ ಜರ್ಮನ್ ಐಡಿಯಲಿಸಂ (ಕಾಂಟ್‌ನಿಂದ ಹೆಗೆಲ್‌ವರೆಗಿನ ಜರ್ಮನ್ ತತ್ವಶಾಸ್ತ್ರದ ಧಾರೆ) ಆರಿಸಿಕೊಂಡವರು ನಮ್ಮ ಓದಿನ ಗುಂಪಿನಲ್ಲಿ ಈಗ ಜಾಸ್ತಿ ಆಗಿದ್ದಾರೆ. ಅದಕ್ಕೇ ಈ ಸೂಚನೆ.

ದಯವಿಟ್ಟು ಹೆಗೆಲ್‌ನಿಂದ ಶುರು ಮಾಡಬೇಡಿ. ಮೊದಲು ಕಾಂಟ್. ಅವನ ಮೊದಲ 'ಕ್ರಿಟಿಕ್', ಅಂದರೆ 'ಕ್ರಿಟಿಕ್ ಆಫ್ ಪ್ಯೂರ್ ರೀಸನ್', 1781ರಲ್ಲಿ ಬಂತು. 1787ರ ಆವೃತ್ತಿಗೆ ಕೆಲವು ಮುಖ್ಯ ಭಾಗಗಳನ್ನು ಅವನೇ ಹೊಸದಾಗಿ ಬರೆದ. ಹಾಗಾಗಿ ಇಲ್ಲಿ ಪುಟ ಹೇಳುವಾಗ ಎ (1781ರ ಆವೃತ್ತಿಯ ಪುಟ), ಬಿ (1787ರದ್ದು) ಸಂಖ್ಯೆಗಳನ್ನೇ ಕೊಡಿ. ಯಾರ ಕೈಯಲ್ಲಿ ಯಾವ ಅನುವಾದ ಇದ್ದರೂ ಜಾಗ ಸಿಗುತ್ತದೆ.

ನಮಗೆ ತಿಳಿಯುವುದು ವಸ್ತು ನಮಗೆ ಕಾಣುವ ರೀತಿ ಮಾತ್ರ, ಅದು ತನ್ನಷ್ಟಕ್ಕೆ ಹೇಗಿದೆ ಅನ್ನುವುದಲ್ಲ ಎಂದ ಕಾಂಟ್. ಅವನ ಕಾಲದ ಇನ್ನೊಬ್ಬ ತತ್ವಜ್ಞಾನಿ ಯಾಕೋಬಿ 1787ರಲ್ಲೇ ತಕರಾರು ತೆಗೆದ: ಆ 'ತನ್ನಷ್ಟಕ್ಕೆ ಇರುವ ವಸ್ತು'ವನ್ನು ಒಪ್ಪದೆ ಕಾಂಟ್‌ನ ವಿಚಾರದ ಒಳಗೆ ಹೋಗಲಾಗದು, ಒಪ್ಪಿಕೊಂಡು ಅಲ್ಲಿ ಉಳಿಯಲಾಗದು. ಕಾಣುವುದರ ಹಿಂದೆ ಏನೋ ಇರಲೇಬೇಕು, ಆದರೆ ಅದು ನಮಗೆ ತಿಳಿಯದು ಅಂದಮೇಲೆ ಅದರ ಬಗ್ಗೆ ಏನೂ ಹೇಳುವಂತಿಲ್ಲ. ಎಂಥ ಗಂಟು, ಅಲ್ವಾ? ಇದು ಮನಸ್ಸಿಗೆ ಇಳಿದರೆ ಕಾಂಟ್‌ನ ನಂತರ ಬಂದ ಫಿಖ್ಟೆ ಯಾಕೆ ಆ ವಸ್ತುವನ್ನು ಬಿಟ್ಟು 'ನಾನು' ಎಂಬಲ್ಲಿಂದ ಹೊರಟ, ಹೆಗೆಲ್ 1807ರ 'ಫಿನಾಮಿನಾಲಜಿ ಆಫ್ ಸ್ಪಿರಿಟ್' ಪುಸ್ತಕದಲ್ಲಿ ಯಾರ ಜೊತೆ ಜಗಳ ಆಡುತ್ತಿದ್ದಾನೆ ಅನ್ನುವುದು ತಿಳಿಯತೊಡಗುತ್ತದೆ. ನನಗೆ ಈ ಭಾಗವೇ ತುಂಬ ಇಷ್ಟ.

ಜರ್ಮನ್ ಭಾಷೆಯನ್ನೂ ಈಗಲೇ ಶುರು ಮಾಡಿ, ದಿನಕ್ಕೆ ಸ್ವಲ್ಪವಾದರೂ ಸಾಕು. ಹೆಗೆಲ್ ಬಳಸುವ ಜರ್ಮನ್ ಪದ 'ಔಫ್‌ಹೇಬನ್' ಅಂದರೆ ರದ್ದು ಮಾಡು, ಉಳಿಸಿಕೊಳ್ಳು, ಮೇಲೆತ್ತು, ಮೂರೂ ಹೌದು. ಅನುವಾದದಲ್ಲಿ ಒಂದು ಸಿಗುತ್ತದೆ, ಉಳಿದೆರಡು ಜಾರಿ ಹೋಗುತ್ತವೆ.

ಭಾನುವಾರದ ಚರ್ಚೆಗೆ ಬಿ ಆವೃತ್ತಿಯ ಮುನ್ನುಡಿ ಮಾತ್ರ ಓದಿಕೊಂಡು ಬನ್ನಿ. ಅರ್ಥವಾಗದ ಸಾಲುಗಳನ್ನು ಸುಮ್ನೆ ಬಿಟ್ಟುಬಿಡಬೇಡಿ, ಶನಿವಾರದೊಳಗೆ ಇಲ್ಲೇ ಹಾಕಿ.